ಅಪ್ಪ ರಾಜನ ಕಡೆ, ಮಗ ಪಾರ್ಲಿಮೆಂಟ್ ಕಡೆ: ಇಂಗ್ಲೆಂಡಿನ ಅಂತರ್ಯುದ್ಧದ ಸುದ್ದಿ ಹೊತ್ತ ಮನೆಯ ಕಾಗದಗಳು

ಕನ್ನಡದಲ್ಲಿ ಕಾಗದ ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. ಹಿಂದೆ ಊರಿನಿಂದ ಬರುತ್ತಿದ್ದ ಕಾಗದಗಳಿಗೆ ಒಂದು ಕ್ರಮವಿತ್ತು. ಮೊದಲು 'ಉಭಯ ಕುಶಲೋಪರಿ ಸಾಂಪ್ರತ', ಆಮೇಲೆ ಮಳೆ-ಬೆಳೆ, ಯಾರಿಗೆ ಮದುವೆ, ಯಾರು ತೀರಿಕೊಂಡರು, ಊರಿನ ಚುನಾವಣೆಯಲ್ಲಿ ಯಾರು ಗೆದ್ದರು. ಮನೆಯ ಸುದ್ದಿಗೂ ರಾಜಕೀಯದ ಸುದ್ದಿಗೂ ನಡುವೆ ಗೆರೆ ಇರುತ್ತಿರಲಿಲ್ಲ.

ಸುಮಾರು 380 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹೀಗೇ ಬರೆದ ಸಾವಿರಾರು ಕಾಗದಗಳು ಇಂದಿಗೂ ಉಳಿದಿವೆ. ಆಗ ಆ ದೇಶ ತನ್ನೊಳಗೇ ಹೊಡೆದಾಡುತ್ತಿತ್ತು. ರಾಜನ ಸೇನೆ ಒಂದು ಕಡೆ, ಪಾರ್ಲಿಮೆಂಟ್ ಸೇನೆ ಇನ್ನೊಂದು ಕಡೆ. ತಾಯಿ ಮಗನಿಗೆ, ತಮ್ಮ ಅಣ್ಣನಿಗೆ, ಹೆಂಡತಿ ಗಂಡನಿಗೆ ಬರೆದ ಕಾಗದಗಳಲ್ಲಿ ಜ್ವರ, ಸಾಲ, ಮಕ್ಕಳ ಬಟ್ಟೆಯ ವಿಷಯದ ಜತೆಗೇ ಯಾವ ಪಟ್ಟಣ ಬಿತ್ತು, ಪಾರ್ಲಿಮೆಂಟಿನಲ್ಲಿ ಏನು ತೀರ್ಮಾನವಾಯಿತು ಎಂಬುದೂ ಇದೆ. ಈ ಕಾಗದಗಳು ಯಾಕೆ ಮುಖ್ಯ? ಯುದ್ಧಕಾಲದಲ್ಲಿ ಜನ ಯಾವ ಸುದ್ದಿಯನ್ನು ನಂಬುತ್ತಾರೆ, ಯಾಕೆ ನಂಬುತ್ತಾರೆ ಎಂಬುದನ್ನು ಇವು ತೋರಿಸುತ್ತವೆ.

ಯುದ್ಧ ಶುರುವಾದದ್ದು ಹೇಗೆ?

ದೊರೆ ಮೊದಲನೇ ಚಾರ್ಲ್ಸ್ 1629ರಿಂದ 1640ರವರೆಗೆ, ಅಂದರೆ 11 ವರ್ಷ, ಪಾರ್ಲಿಮೆಂಟನ್ನು ಕರೆಯದೆಯೇ ಆಳಿದ. ಅದರ ಒಪ್ಪಿಗೆ ಇಲ್ಲದೆ ತೆರಿಗೆ ಎತ್ತಿದ. ಚರ್ಚಿನ ಪ್ರಾರ್ಥನಾ ಕ್ರಮದಲ್ಲಿ ಆತ ತಂದ ಬದಲಾವಣೆಗಳು ಕಟ್ಟಾ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರನ್ನು ಕೆರಳಿಸಿದವು. ಸ್ಕಾಟ್ಲೆಂಡಿನ ಜತೆ ಯುದ್ಧಕ್ಕಿಳಿದು ಬೊಕ್ಕಸ ಬರಿದಾದಾಗ ಪಾರ್ಲಿಮೆಂಟ್ ಕರೆಯದೆ ಬೇರೆ ದಾರಿ ಇರಲಿಲ್ಲ. 1640ರ ನವೆಂಬರ್‌ನಲ್ಲಿ ಸೇರಿದ ಪಾರ್ಲಿಮೆಂಟ್ ರಾಜನ ಅಧಿಕಾರವನ್ನೇ ಪ್ರಶ್ನಿಸಿತು. 1642ರ ಜನವರಿಯಲ್ಲಿ ಐವರು ಸದಸ್ಯರನ್ನು ಬಂಧಿಸಲು ಚಾರ್ಲ್ಸ್ ತಾನೇ ಸೈನಿಕರೊಂದಿಗೆ ಸಭೆಗೆ ನುಗ್ಗಿದ. ಅವರು ಅಷ್ಟರಲ್ಲೇ ತಪ್ಪಿಸಿಕೊಂಡಿದ್ದರು. ಅದೇ ವರ್ಷ ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ರಾಜ ತನ್ನ ಯುದ್ಧಧ್ವಜ ಏರಿಸಿದ.

ಇದು ಎರಡು ಪ್ರಾಂತ್ಯಗಳ ನಡುವಿನ ಯುದ್ಧವಾಗಿರಲಿಲ್ಲ. ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಹಾಗಾಗಿ 'ನಮ್ಮವರು' ಯಾರು ಎಂಬುದೇ ಪ್ರತಿ ಮನೆಯ ಪ್ರಶ್ನೆಯಾಯಿತು.

ಪತ್ರಿಕೆ ಇಲ್ಲದ ಕಾಲದ ಸುದ್ದಿ

1641ಕ್ಕಿಂತ ಮೊದಲು ಇಂಗ್ಲೆಂಡಿನಲ್ಲಿ ದೇಶದೊಳಗಿನ ರಾಜಕೀಯವನ್ನು ವಾರವಾರ ಅಚ್ಚು ಹಾಕಿ ಮಾರುವ ಪತ್ರಿಕೆ ಇರಲಿಲ್ಲ. ಅಚ್ಚಿನ ಮೇಲೆ ಸರ್ಕಾರದ ಬಿಗಿ ಹಿಡಿತವಿತ್ತು. ಆ ಹಿಡಿತಕ್ಕೆ ಆಸರೆಯಾಗಿದ್ದ 'ಸ್ಟಾರ್ ಚೇಂಬರ್' ಎಂಬ ನ್ಯಾಯಮಂಡಳಿಯನ್ನು ಪಾರ್ಲಿಮೆಂಟ್ 1641ರಲ್ಲಿ ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಪಾರ್ಲಿಮೆಂಟಿನ ಕಲಾಪವನ್ನು ವರದಿ ಮಾಡುವ ವಾರದ ಸುದ್ದಿಪುಸ್ತಿಕೆಗಳು ಹೊರಬಂದವು.

ಆದರೆ ಯುದ್ಧ ಶುರುವಾಗುತ್ತಲೇ ಪುಸ್ತಿಕೆಗಳೂ ಪಕ್ಷ ಹಿಡಿದವು. 1643ರ ಆರಂಭದಲ್ಲಿ ರಾಜನ ಕಡೆಯವರು ಆಕ್ಸ್‌ಫರ್ಡ್‌ನಿಂದ 'ಮರ್ಕ್ಯೂರಿಯಸ್ ಆಲಿಕಸ್' ಹೊರಡಿಸಿದರು. ಅದಕ್ಕೆ ಉತ್ತರ ಕೊಡಲು ಪಾರ್ಲಿಮೆಂಟ್ ಪರ 'ಮರ್ಕ್ಯೂರಿಯಸ್ ಬ್ರಿಟಾನಿಕಸ್' ಬಂತು. ಒಂದೇ ಕದನವನ್ನು ಎರಡೂ ಕಡೆಯವರು ತಾವೇ ಗೆದ್ದೆವೆಂದು ಬರೆಯುವುದು ಮಾಮೂಲಾಯಿತು. ಸುದ್ದಿ ಇಲ್ಲ ಎಂಬ ಕಷ್ಟ ಹೋಗಿ, ಸುದ್ದಿ ಹೆಚ್ಚಾಗಿ ಯಾವುದನ್ನು ನಂಬುವುದು ಎಂಬ ಕಷ್ಟ ಶುರುವಾಯಿತು.

ಅಲ್ಲಿ ಕೆಲಸಕ್ಕೆ ಬಂದದ್ದು ಮನೆಯವರ ಕಾಗದ. ಬರೆದವರು ಯಾರು, ಎಲ್ಲಿದ್ದಾರೆ, ಯಾರ ಒಡನಾಟದಲ್ಲಿದ್ದಾರೆ ಎಂಬುದು ಓದುವವರಿಗೆ ಗೊತ್ತು. ಅವರ ಕೈಬರಹದ ಗುರುತು ಉಂಟು. ಎಷ್ಟು ಉತ್ಪ್ರೇಕ್ಷೆ ಮಾಡುವ ಸ್ವಭಾವ ಎಂಬುದೂ ಗೊತ್ತು! ಎಷ್ಟೋ ಸಲ ಅಚ್ಚಾದ ಪುಸ್ತಿಕೆಯನ್ನು ಕಾಗದದ ಜತೆಗೇ ಕಳಿಸುತ್ತಿದ್ದರು.

ಕಾಗದ ತಲುಪುತ್ತಿದ್ದುದು ಹೇಗೆ?

ಸರ್ಕಾರಿ ಅಂಚೆ ಮೊದಲು ರಾಜಕಾರ್ಯಕ್ಕೆ ಮಾತ್ರ ಮೀಸಲಾಗಿತ್ತು. 1635ರಲ್ಲಿ ಚಾರ್ಲ್ಸ್ ಅದನ್ನು ಜನಸಾಮಾನ್ಯರಿಗೂ ತೆರೆದ. ಥಾಮಸ್ ವಿದರಿಂಗ್ಸ್ ಎಂಬಾತ ಅದರ ವ್ಯವಸ್ಥೆ ರೂಪಿಸಿದ. ಒಂದು ಹಾಳೆಯ ಕಾಗದಕ್ಕೆ 80 ಮೈಲಿವರೆಗೆ 2 ಪೆನ್ಸ್, 140 ಮೈಲಿವರೆಗೆ 4 ಪೆನ್ಸ್. ದುಡ್ಡು ಕೊಡಬೇಕಾದವರು ಸಾಮಾನ್ಯವಾಗಿ ಕಾಗದ ಪಡೆಯುವವರು.

ಅಂಚೆಗಿಂತ ಹೆಚ್ಚು ಜನ ನೆಚ್ಚಿಕೊಂಡಿದ್ದು ಸರಕು ಸಾಗಿಸುವ ಗಾಡಿಯವರನ್ನು. ಅವರು ವಾರದ ಗೊತ್ತಾದ ದಿನ ಲಂಡನ್ನಿಗೆ ಬಂದು ಗೊತ್ತಾದ ಛತ್ರದಲ್ಲಿ ತಂಗುತ್ತಿದ್ದರು. ಯಾವ ಊರಿನ ಗಾಡಿ ಯಾವ ದಿನ ಎಲ್ಲಿ ಸಿಗುತ್ತದೆ ಎಂದು ಪಟ್ಟಿ ಮಾಡಿದ ಪುಸ್ತಕವೇ 1637ರಲ್ಲಿ ಅಚ್ಚಾಗಿತ್ತು. ಅದನ್ನು ಬರೆದವನು ಜಾನ್ ಟೇಲರ್. ಇನ್ನು ತೀರಾ ಗುಟ್ಟಿನ ವಿಷಯವಿದ್ದರೆ ಮನೆಯ ಆಳನ್ನೇ ಕಳಿಸಬೇಕು. ಬರೆಯಲಾಗದ್ದನ್ನು ಅವನ ಬಾಯಲ್ಲಿ ಹೇಳಿಸುತ್ತಿದ್ದರು.

ಆಗ ಲಕೋಟೆ ಇರಲಿಲ್ಲ. ಹಾಳೆಯನ್ನೇ ಮಡಚಿ, ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು. ಯುದ್ಧ ಬಂದ ಮೇಲೆ ಈ ಮೊಹರಿಗೆ ಬೆಲೆ ಉಳಿಯಲಿಲ್ಲ. ದಾರಿಯಲ್ಲಿ ಎರಡೂ ಸೇನೆಗಳ ಕಾವಲು. ಸಿಕ್ಕಿದ ಕಾಗದ ಒಡೆದು ಓದುವುದು ಎರಡೂ ಕಡೆಯವರ ಅಭ್ಯಾಸವಾಯಿತು.

ಕೋಟೆಯೊಳಗಿನ ತಾಯಿ, ದೂರದ ಮಗ

ವೇಲ್ಸ್ ಗಡಿಗೆ ಹತ್ತಿರದ ಹೆರೆಫರ್ಡ್‌ಶೈರ್‌ನ ಬ್ರಾಂಪ್ಟನ್ ಬ್ರಯನ್ ಎಂಬಲ್ಲಿ ಹಾರ್ಲಿ ಮನೆತನದ ಕೋಟೆಮನೆ ಇತ್ತು. ಯಜಮಾನ ಸರ್ ರಾಬರ್ಟ್ ಹಾರ್ಲಿ ಪಾರ್ಲಿಮೆಂಟ್ ಸದಸ್ಯ. ಹೆಂಡತಿ ಬ್ರಿಲಿಯಾನಾ. ಆಕೆಯ ತಂದೆ ನೆದರ್ಲೆಂಡ್ಸ್‌ನ ಬ್ರಿಲ್ ಎಂಬ ಊರಿನಲ್ಲಿ ಅಧಿಕಾರಿಯಾಗಿದ್ದಾಗ ಹುಟ್ಟಿದ್ದರಿಂದ ಆ ಹೆಸರು ಬಂತು.

ಹಿರಿಯ ಮಗ ಎಡ್ವರ್ಡ್ 1638ರಲ್ಲಿ ಓದಲು ಆಕ್ಸ್‌ಫರ್ಡ್‌ಗೆ ಹೋದ. ಅಂದಿನಿಂದ ತಾಯಿಯ ಕಾಗದ ಶುರು. ಆರೋಗ್ಯ ನೋಡಿಕೋ, ಪ್ರಾರ್ಥನೆ ಬಿಡಬೇಡ ಎಂಬ ಬುದ್ಧಿಮಾತು, ಗಾಡಿಯವನ ಕೈಯಲ್ಲಿ ಕಳಿಸಿದ ತಿಂಡಿ-ತಿನಿಸಿನ ಲೆಕ್ಕ, ಅದರ ಬೆನ್ನಿಗೆ ಸ್ಕಾಟ್ಲೆಂಡಿನಲ್ಲಿ ಏನಾಯಿತು, ಯೂರೋಪಿನ ಯುದ್ಧ ಎಲ್ಲಿಗೆ ಬಂತು ಎಂಬ ವಿಚಾರ. ಮುಂದೆ ಮಗ ಲಂಡನ್ನಿನಲ್ಲಿ ತಂದೆಯ ಜತೆಗಿದ್ದಾಗ ಸುದ್ದಿಯ ದಿಕ್ಕು ಬದಲಾಯಿತು. ಪಾರ್ಲಿಮೆಂಟಿನ ಸುದ್ದಿ ಮಗನಿಂದ ತಾಯಿಗೆ, ಜಿಲ್ಲೆಯ ಸುದ್ದಿ ತಾಯಿಯಿಂದ ಮಗನಿಗೆ.

ಈ ಜಿಲ್ಲೆಯ ಸುದ್ದಿ ಬರಬರುತ್ತಾ ಕಳವಳಕಾರಿಯಾಯಿತು. ಸುತ್ತಲಿನ ಜಮೀನುದಾರರೆಲ್ಲ ಬಹುತೇಕ ರಾಜನ ಪಕ್ಷ. 1642ರ ಬೇಸಿಗೆಯಲ್ಲಿ ಹತ್ತಿರದ ಲಡ್‌ಲೋ ಪಟ್ಟಣದಲ್ಲಿ ಹಬ್ಬದ ಕಂಬ ನೆಟ್ಟು, ಅದರ ಮೇಲೆ ತಲೆಯಂಥದ್ದನ್ನು ಇಟ್ಟು, ಜನ ಸೇರಿ ಅದಕ್ಕೆ ಗುಂಡು ಹೊಡೆದರೆಂದು ಆಕೆ ಮಗನಿಗೆ ತಿಳಿಸಿದಳು. ಪಾರ್ಲಿಮೆಂಟ್ ಪಕ್ಷದವರನ್ನು 'ರೌಂಡ್‌ಹೆಡ್', ಅಂದರೆ ಗುಂಡುತಲೆಯವರು, ಎಂದು ಹಂಗಿಸುತ್ತಿದ್ದ ಕಾಲವದು. ಒಕ್ಕಲುಗಳಿಂದ ಗೇಣಿ ಬರುವುದೂ ನಿಂತಿತು. ಊರು ಬಿಡುವುದೇ ಒಳ್ಳೆಯದೆಂದು ಆಕೆಗೆ ಅನ್ನಿಸಿತ್ತು. ಗಂಡ ಅಲ್ಲೇ ಇರಲು ಹೇಳಿದ.

ಕಾಗದಗಳು ಶತ್ರುವಿನ ಕೈಗೆ ಸಿಗುವ ಭಯ ಹೆಚ್ಚಿದಾಗ ಆಕೆ ಒಂದು ಉಪಾಯ ಮಾಡಿದಳು. ಅಲ್ಲಲ್ಲಿ ಕತ್ತರಿಸಿದ ಒಂದು ಹಾಳೆಯನ್ನು ಮಗನಿಗೆ ಮೊದಲೇ ಕಳಿಸುವುದು. ಅದನ್ನು ಕಾಗದದ ಮೇಲೆ ಗುರುತು ನೋಡಿ ಸರಿಯಾಗಿ ಇಟ್ಟರೆ ಕಿಂಡಿಗಳಲ್ಲಿ ಕಾಣುವ ಪದಗಳಷ್ಟೇ ನಿಜವಾದ ಸಂದೇಶ. ಉಳಿದದ್ದು ಸುಮ್ಮನೆ ತುಂಬಿದ ಮಾತು. ಹಾಳೆ ಕೈಲಿಲ್ಲದವರಿಗೆ ಅದು ತಲೆಬುಡವಿಲ್ಲದ ಬರಹ.

1643ರ ಜುಲೈ 26ರಂದು ರಾಜನ ಸೇನೆ ಕೋಟೆಗೆ ಮುತ್ತಿಗೆ ಹಾಕಿತು. ಗಂಡ, ಹಿರಿಯ ಮಗ ಇಬ್ಬರೂ ದೂರದಲ್ಲಿದ್ದರು. ಕೋಟೆ ಒಪ್ಪಿಸಲು ಬಂದ ಕರೆಗಳಿಗೆ ಬ್ರಿಲಿಯಾನಾ ಕಾಗದದಲ್ಲೇ ಉತ್ತರ ಕೊಟ್ಟಳು. ಇದು ತನ್ನ ಗಂಡನ ಮನೆ, ಕಾನೂನು ಕಾಪಾಡುವುದಾಗಿ ರಾಜನೇ ಮಾತು ಕೊಟ್ಟಿರುವಾಗ ಅದನ್ನು ಕಿತ್ತುಕೊಳ್ಳುವುದು ಹೇಗೆ ಸರಿ ಎಂಬುದು ಆಕೆಯ ವಾದ. ಸುಮಾರು ಆರು ವಾರಗಳ ನಂತರ ಮುತ್ತಿಗೆ ಹಾಕಿದ ಸೇನೆಗೆ ಗ್ಲಾಸ್ಟರ್ ಕಡೆ ಹೋಗಬೇಕಾಗಿ ಬಂದು ಕೋಟೆ ಉಳಿಯಿತು. ಆಕೆ ಉಳಿಯಲಿಲ್ಲ. ಅಕ್ಟೋಬರ್‌ನಲ್ಲಿ ಮಗನಿಗೆ ಬರೆದ ಕೊನೆಯ ಕಾಗದದಲ್ಲಿ ಜೋರು ನೆಗಡಿಯಾಗಿದೆ ಎಂದಿದ್ದಳು. ಅದೇ ತಿಂಗಳ ಕೊನೆಯಲ್ಲಿ ತೀರಿಕೊಂಡಳು. ಮರುವರ್ಷ ಎರಡನೇ ಮುತ್ತಿಗೆಯಲ್ಲಿ ಕೋಟೆಯೂ ಬಿತ್ತು. 1854ರಲ್ಲಿ ಆಕೆಯ 200ಕ್ಕೂ ಹೆಚ್ಚು ಕಾಗದಗಳು ಪುಸ್ತಕವಾಗಿ ಅಚ್ಚಾದವು.

ಒಂದೇ ಮನೆ, ಎರಡು ಪಕ್ಷ

ಹಾರ್ಲಿ ಮನೆಯವರೆಲ್ಲ ಒಂದೇ ಪಕ್ಷ. ಬಕಿಂಗ್‌ಹ್ಯಾಮ್‌ಶೈರ್‌ನ ಕ್ಲೇಡನ್‌ನಲ್ಲಿದ್ದ ವರ್ನಿ ಮನೆತನದ ಕಥೆ ಹಾಗಲ್ಲ. ತಂದೆ ಸರ್ ಎಡ್ಮಂಡ್ ವರ್ನಿ ರಾಜನ ಧ್ವಜಧಾರಿ. ಹಿರಿಯ ಮಗ ರಾಲ್ಫ್ ಪಾರ್ಲಿಮೆಂಟ್ ಸದಸ್ಯ. ಅಲ್ಲಿನ ಚರ್ಚೆಗಳನ್ನು ರಾಲ್ಫ್ ಬಿಡಿ ಹಾಳೆಗಳಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡ ಟಿಪ್ಪಣಿಗಳು ಇಂದು ಇತಿಹಾಸಕಾರರಿಗೆ ದೊಡ್ಡ ಆಕರ. ಯುದ್ಧ ಬಂದಾಗ ಆತ ಪಾರ್ಲಿಮೆಂಟ್ ಜತೆ ನಿಂತ.

ತಂದೆಗೆ ರಾಜನ ನಿಲುವು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಆದರೂ ಸುಮಾರು 30 ವರ್ಷ ಉಪ್ಪು ತಿಂದ ಮನೆಯನ್ನು ಬಿಟ್ಟುಹೋಗುವುದು ತನ್ನಿಂದಾಗದು ಎಂಬ ಅರ್ಥದಲ್ಲಿ ಆತ ಹೇಳಿಕೊಂಡದ್ದನ್ನು ರಾಜನ ಆಪ್ತ ಎಡ್ವರ್ಡ್ ಹೈಡ್ ದಾಖಲಿಸಿದ್ದಾನೆ.

ತಂದೆಯ ಹೆಸರನ್ನೇ ಇಟ್ಟುಕೊಂಡ ತಮ್ಮನೂ ರಾಜನ ಕಡೆ. ಮನೆಯಲ್ಲಿ ಅವನನ್ನು 'ಮನ್' ಎಂದು ಕರೆಯುತ್ತಿದ್ದರು. ಅಣ್ಣ ರಾಜನ ವಿರುದ್ಧ ನಿಂತ ಸುದ್ದಿ ತಿಳಿದು 1642ರಲ್ಲಿ ಅವನು ನೇರವಾಗಿ ಬರೆದ: ನೀನು ಮಾಡಿದ್ದು ಸರಿಯಲ್ಲ, ಅಪ್ಪನೂ ನಾನೂ ನಿನಗೆ ಶತ್ರುಗಳಾಗಬೇಕಾಯಿತಲ್ಲ ಎಂದು ಎದೆ ಒಡೆಯುತ್ತಿದೆ ಎಂಬುದು ಅದರ ಸಾರ. ರಾಲ್ಫ್‌ನಿಂದ ಉತ್ತರ ಬರಲಿಲ್ಲ. ಮರುವರ್ಷ ಮನ್ ಮತ್ತೆ ಬರೆದ. ನೀನು ಆ ಕಡೆ ಹೋಗದಿರಲು ನನ್ನ ಬಲಗೈಯನ್ನೇ ಕೊಡುತ್ತಿದ್ದೆ, ಆದರೂ ಈ ವಿಷಯಕ್ಕೆ ನಮ್ಮಿಬ್ಬರಲ್ಲಿ ಜಗಳ ಬೇಡ, ಹೊಡೆದಾಡಲು ಬೇರೆಯವರು ಬೇಕಾದಷ್ಟಿದ್ದಾರೆ ಎಂಬುದು ಈ ಸಲದ ಒಕ್ಕಣೆಯ ತಿರುಳು.

ಅಭಿಪ್ರಾಯವನ್ನು ಅವನು ಮುಚ್ಚಿಡಲಿಲ್ಲ, ಬದಲಿಸಲೂ ಇಲ್ಲ. ಆದರೆ ಮಾತು ನಿಲ್ಲಿಸಲು ಒಪ್ಪಲಿಲ್ಲ. ಅಣ್ಣ-ತಮ್ಮಂದಿರ ನಂಟು ಆ ಮೇಲೂ ಉಳಿಯಿತು. 1649ರ ಸೆಪ್ಟೆಂಬರ್‌ನಲ್ಲಿ ಆಲಿವರ್ ಕ್ರಾಮ್‌ವೆಲ್‌ನ ಸೇನೆ ಐರ್ಲೆಂಡಿನ ಡ್ರೋಹೆಡಾ ಪಟ್ಟಣವನ್ನು ಹಿಡಿದಾಗ ಮನ್ ಹತನಾದ.

ವರ್ನಿಗಳ ಸೋದರಮಾವಂದಿರ ಮನೆ ಹಿಲ್ಸ್‌ಡನ್, ಕ್ಲೇಡನ್‌ಗೆ ಹತ್ತಿರದಲ್ಲೇ ಇತ್ತು. ರಾಜನ ಸೈನಿಕರು ಬೀಡುಬಿಟ್ಟಿದ್ದ ಆ ಮನೆಯನ್ನು 1644ರ ಮಾರ್ಚ್‌ನಲ್ಲಿ ಪಾರ್ಲಿಮೆಂಟ್ ಸೇನೆ ಹಿಡಿದು ಸುಟ್ಟಿತು. ಆ ದಾಳಿಗೆ ಬಂದಿದ್ದ ಕ್ಯಾಪ್ಟನ್ ಒಬ್ಬನನ್ನೇ ಮನೆಮಗಳು ಸೂಸನ್ ಡೆಂಟನ್ ಮುಂದೆ ಮದುವೆಯಾದಳು. ಪಕ್ಷದ ಗೆರೆ ಎಷ್ಟು ಅಡ್ಡಾದಿಡ್ಡಿಯಾಗಿತ್ತು ಎನ್ನುವುದಕ್ಕೆ ಇದೊಂದೇ ಸಾಕು.

'ಹೇಳಿದವರು ಯಾರು?'

1642ರ ಅಕ್ಟೋಬರ್ 23ರಂದು ಎಜ್‌ಹಿಲ್‌ನಲ್ಲಿ ಮೊದಲ ದೊಡ್ಡ ಕದನ ನಡೆಯಿತು. ಧ್ವಜ ಹಿಡಿದಿದ್ದ ಸರ್ ಎಡ್ಮಂಡ್ ಅಲ್ಲಿ ಸತ್ತ. ಆದರೆ ಲಂಡನ್ನಿನಲ್ಲಿದ್ದ ರಾಲ್ಫ್‌ಗೆ ತಿಳಿಯುವುದು ಹೇಗೆ? ಗೆದ್ದವರು ಯಾರು ಎಂಬುದರಲ್ಲೇ ಎರಡು ಮಾತಿತ್ತು. ತಂದೆ ಸೆರೆಸಿಕ್ಕಿರಬಹುದೆಂಬ ಆಸೆಯೂ ಇತ್ತು.

ಕುಟುಂಬದ ಸ್ನೇಹಿತೆ ಲೇಡಿ ಸಸೆಕ್ಸ್‌ಗೆ ರಾಲ್ಫ್ ಬರೆದ ಕಾಗದ ಈ ದೃಷ್ಟಿಯಿಂದ ಗಮನಿಸುವಂಥದ್ದು. ಪಾರ್ಲಿಮೆಂಟ್ ಸೇನೆಯ ಬೀಡಿಗೆ ಹೋಗಿದ್ದ ಆಳು ಹಿಂದಿನ ರಾತ್ರಿ ಮರಳಿದ್ದಾನೆ. ತಂದೆ ಸೆರೆಯಾಗಿರಲಿಲ್ಲ, ದೇಹವೂ ಸಿಗುವುದಿಲ್ಲ ಎಂದು ಅವನಿಗೆ ಖಚಿತವಾಗಿ ಹೇಳಿದ್ದಾರೆ ಎಂದು ತಿಳಿಸುವ ರಾಲ್ಫ್, ಹೇಳಿದವರು ಯಾರು ಎಂಬುದನ್ನೂ ಬರೆಯುತ್ತಾನೆ. ಸೇನಾಪತಿಯಿಂದ ಹಿಡಿದು ತನಗೆ ಪರಿಚಯದವರ ಹೆಸರುಗಳು ಅಲ್ಲಿವೆ. ತಂದೆಯ ಸಾವಿನ ದುಃಖದಲ್ಲೂ ಮಗ ಸುದ್ದಿಯ ಮೂಲವನ್ನು ಬಿಡಲಿಲ್ಲ.

ಆ ಕಾಲದ ಮನೆಯ ಕಾಗದಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಅಭ್ಯಾಸ. ಕಣ್ಣಾರೆ ಕಂಡದ್ದು, ಕಂಡವರಿಂದ ಕೇಳಿದ್ದು, ಊರೆಲ್ಲ ಆಡಿಕೊಳ್ಳುತ್ತಿರುವುದು ಎಂದು ಬೇರೆ ಬೇರೆ ಮಾಡಿ ಬರೆಯುತ್ತಿದ್ದರು. ಕಾರಣ ಸರಳ. ತಪ್ಪು ಸುದ್ದಿ ನಂಬಿದರೆ ಹೋಗುವುದು ತಮ್ಮವರದೇ ಪ್ರಾಣ, ತಮ್ಮದೇ ಮನೆ. ಊರು ಬಿಡಬೇಕೇ, ಬೆಳ್ಳಿಪಾತ್ರೆ ಸಾಗಿಸಬೇಕೇ, ಮಗಳನ್ನು ಎಲ್ಲಿಗೆ ಕಳಿಸಬೇಕು ಎಂಬ ತೀರ್ಮಾನವೆಲ್ಲ ಮುಂದಿನ ಕಾಗದದ ಮೇಲೆ ನಿಂತಿತ್ತು.

ರಾಲ್ಫ್ 1643ರ ಕೊನೆಯಲ್ಲಿ ಪಾರ್ಲಿಮೆಂಟ್ ಪಕ್ಷವನ್ನೂ ಬಿಡಬೇಕಾಯಿತು. ಸ್ಕಾಟರ ಜತೆ ಮಾಡಿಕೊಂಡ ಧಾರ್ಮಿಕ ಒಪ್ಪಂದಕ್ಕೆ ಪ್ರಮಾಣ ಮಾಡಲು ಮನಸ್ಸಾಗದೆ ಆತ ಹೆಂಡತಿಯೊಂದಿಗೆ ಫ್ರಾನ್ಸ್ ಸೇರಿದ. ಪಾರ್ಲಿಮೆಂಟ್ ಅವನ ಆಸ್ತಿ ಜಪ್ತಿ ಮಾಡಿತು. ಲಂಡನ್ನಿನಿಂದ ರಾಜಕೀಯ ಸುದ್ದಿ ಬರೆಯುತ್ತಿದ್ದವನು ಸೋದರಮಾವ ಡಾ. ವಿಲಿಯಂ ಡೆಂಟನ್. ರಾಜನಿಗೇ ವೈದ್ಯನಾಗಿದ್ದವನು. ಇಂಥ ಕೆಲಸಕ್ಕೆ ಹೆಂಗಸರು ಹೋದರೆ ಸಮಿತಿಗಳಲ್ಲಿ ದಾರಿ ಸುಲಭ, ನಿನ್ನ ಹೆಂಡತಿಯನ್ನು ಕಳಿಸು ಎಂದು ಸಲಹೆ ಕೊಟ್ಟವನೂ ಅವನೇ.

1646ರ ಕೊನೆಗೆ ಮೇರಿ ವರ್ನಿ ಗರ್ಭಿಣಿಯಾಗಿದ್ದಾಗಲೇ ಲಂಡನ್ನಿಗೆ ಬಂದಳು. ಯಾವ ಸದಸ್ಯ ತಮ್ಮ ಪರ, ಯಾರು ವಿರೋಧಿ, ಸಭೆ ಯಾವಾಗ ಎಂದೆಲ್ಲ ಗಂಡನಿಗೆ ಬರೆಯುತ್ತಾ ಓಡಾಡಿ 1648ರ ಜನವರಿಯಲ್ಲಿ ಜಪ್ತಿ ತೆಗೆಸಿದಳು. ಅಷ್ಟರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕೂಸು ಇಂಗ್ಲೆಂಡಿನಲ್ಲೂ, ಗಂಡನ ಬಳಿ ಇದ್ದ ಮಗಳು ಫ್ರಾನ್ಸಿನಲ್ಲೂ ತೀರಿಕೊಂಡಿದ್ದರು. ಆ ಸುದ್ದಿಯೂ ಪಾರ್ಲಿಮೆಂಟಿನ ಸುದ್ದಿ ಹೋಗುತ್ತಿದ್ದ ಕಾಗದದಲ್ಲೇ ಕಡಲು ದಾಟಿತು.

ರಾಜನ ಮನೆಯ ಕಾಗದ ಬೀದಿಗೆ

ಮನೆಯ ಕಾಗದವನ್ನು ಜನ ನಂಬುತ್ತಾರೆ ಎಂಬುದು ಪಾರ್ಲಿಮೆಂಟಿಗೂ ಗೊತ್ತಿತ್ತು. 1645ರ ಜೂನ್ 14ರಂದು ನೇಸ್‌ಬಿ ಕದನದಲ್ಲಿ ರಾಜನ ಸೇನೆ ಸೋತಿತು. ಗೆದ್ದವರ ಕೈಗೆ ರಾಜನ ಖಾಸಗಿ ಕಾಗದಗಳು ಸಿಕ್ಕವು. ಅವುಗಳಲ್ಲಿ ಹಲವು ಚಾರ್ಲ್ಸ್ ಮತ್ತು ರಾಣಿ ಹೆನ್ರಿಯೆಟಾ ಮರಿಯಾ ನಡುವಿನವು.

ಜುಲೈನಲ್ಲಿ ಅವನ್ನು ಲಂಡನ್ನಿನಲ್ಲಿ ಸಭೆ ಸೇರಿಸಿ ಓದಲಾಯಿತು. ಬಳಿಕ 'ದಿ ಕಿಂಗ್ಸ್ ಕ್ಯಾಬಿನೆಟ್ ಓಪನ್ಡ್' ಎಂಬ ಹೆಸರಿನಲ್ಲಿ ಅಚ್ಚು ಹಾಕಿ ಹಂಚಲಾಯಿತು. ಕ್ಯಾಥೊಲಿಕರ ಮೇಲಿನ ಕಟ್ಟುಪಾಡು ಸಡಿಲಿಸುವ ಮಾತು, ಐರ್ಲೆಂಡ್ ಮತ್ತು ಹೊರದೇಶಗಳಿಂದ ಸೈನ್ಯ ತರಿಸುವ ಪ್ರಯತ್ನ ಅದರಲ್ಲಿದ್ದವು. ಬಹಿರಂಗವಾಗಿ ಒಂದು ಹೇಳಿ ಹೆಂಡತಿಗೆ ಇನ್ನೊಂದು ಬರೆಯುವ ರಾಜ ಎಂಬ ಚಿತ್ರ ಜನರ ಮುಂದೆ ನಿಂತಿತು. ಸುಳ್ಳು ಸೃಷ್ಟಿ ಎನ್ನುವವರು ಬಂದು ಕೈಬರಹ ನೋಡಿಕೊಳ್ಳಲಿ ಎಂದು ಮೂಲ ಕಾಗದಗಳನ್ನೂ ತೋರಿಸಲಾಯಿತು. ಗಂಡ-ಹೆಂಡಿರ ಕಾಗದ ಓದುವುದು ನೀಚತನ ಎಂದು ರಾಜನ ಕಡೆಯವರು ಆಕ್ಷೇಪಿಸಿದರು. ಆದರೆ ಆಗಬೇಕಾದ ಹಾನಿ ಆಗಿಹೋಗಿತ್ತು.

ಬಡವರ ಕಾಗದವೂ ಸುರಕ್ಷಿತವಾಗಿರಲಿಲ್ಲ. ಲಂಡನ್ನಿನ ಸೂಸನ್ ರಾಡ್‌ವೇ ಎಂಬಾಕೆ ಬೇಸಿಂಗ್ ಹೌಸ್ ಮುತ್ತಿಗೆಗೆ ಹೋದ ಗಂಡನಿಗೆ ಒಂದು ಕಾಗದ ಬರೆದಳು. ಮಗುವಿಗೆ ಹುಷಾರಿಲ್ಲ, ನೆರೆಮನೆಯವರಿಗೆಲ್ಲ ಗಂಡಂದಿರಿಂದ ಕಾಗದ ಬಂದಿದೆ, ನೀನು ಮಾತ್ರ ಬರೆದಿಲ್ಲ ಎಂಬುದು ಆಕೆಯ ಅಳಲು. ಅದು ಗಂಡನ ಕೈ ಸೇರುವ ಮೊದಲೇ ರಾಜನ ಕಡೆಯವರಿಗೆ ಸಿಕ್ಕಿತು. ಇಂದು ನಾವು ಅದನ್ನು ಓದಲು ಸಾಧ್ಯವಾಗಿರುವುದು ಅದು ದಾರಿಯಲ್ಲಿ ಸಿಕ್ಕಿಬಿದ್ದದ್ದರಿಂದಲೇ.

ಉಳಿದದ್ದು ಹೇಗೆ, ಕಲಿಸುವುದೇನು?

ವರ್ನಿ ಕಾಗದಗಳು ಉಳಿದದ್ದು ರಾಲ್ಫ್‌ನ ಶಿಸ್ತಿನಿಂದ. ಬಂದದ್ದನ್ನು ಜೋಡಿಸಿಟ್ಟು, ತಾನು ಬರೆದದ್ದರ ನಕಲನ್ನೂ ಇಟ್ಟುಕೊಳ್ಳುವುದು ಆತನ ಅಭ್ಯಾಸ. ಇನ್ನೂರು ವರ್ಷಗಳ ನಂತರ ಆ ಮನೆಗೆ ಸೊಸೆಯಾಗಿ ಬಂದ ಪಾರ್ಥೆನೋಪ್ ಅವುಗಳನ್ನು ಓದಿ ಕುಟುಂಬದ ಚರಿತ್ರೆ ಬರೆದಳು. ಆಕೆ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್‌ಳ ಅಕ್ಕ. ಪುಸ್ತಕದ ಮೊದಲ ಸಂಪುಟಗಳು 1892ರಲ್ಲಿ, ಆಕೆ ತೀರಿಕೊಂಡ ನಂತರ, ಹೊರಬಂದವು.

ಈ ಕಾಗದಗಳಿಗೆ ಮಿತಿಯೂ ಇದೆ. ಉಳಿದವು ಹೆಚ್ಚಾಗಿ ಓದುಬರಹ ಬಲ್ಲ, ಆಸ್ತಿವಂತರ ಮನೆಯವು. ಅಕ್ಷರ ಬಾರದವರ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅಲ್ಲೇ ಕರಗಿತು. ಕಾಗದದಲ್ಲಿದ್ದದ್ದೆಲ್ಲ ನಿಜವೂ ಅಲ್ಲ. ತಮ್ಮ ಪಕ್ಷದ ಗೆಲುವನ್ನು ಬೇಗ ನಂಬುವುದು, ಎದುರು ಪಕ್ಷದ ಕ್ರೌರ್ಯವನ್ನು ಹಿಗ್ಗಿಸುವುದು ಅಂದೂ ಇತ್ತು. ಅದಕ್ಕೇ ಇತಿಹಾಸಕಾರರು ಒಂದು ಕಾಗದವನ್ನು ಇನ್ನೊಂದರ ಪಕ್ಕ ಇಟ್ಟು, ಬರೆದವರು ಆ ದಿನ ಎಲ್ಲಿದ್ದರು ಎಂದು ನೋಡಿಯೇ ಬಳಸುತ್ತಾರೆ.

ಇಂದು ರಾಜಕೀಯದ ಸುದ್ದಿ ಮತ್ತೆ ಮನೆಯವರ ಮೂಲಕವೇ ಬರುತ್ತಿದೆ, ಮೊಬೈಲಿನ ಕುಟುಂಬದ ಗ್ರೂಪುಗಳಲ್ಲಿ. ಕಳಿಸಿದವರು ನಮ್ಮವರೇ ಎಂಬ ಕಾರಣಕ್ಕೆ ಅದನ್ನು ನಂಬುತ್ತೇವೆ. ಆದರೆ ಅವರು ಬರೆದದ್ದಲ್ಲ, ಎಲ್ಲಿಂದಲೋ ಬಂದದ್ದನ್ನು ಮುಂದಕ್ಕೆ ತಳ್ಳಿದ್ದು. ನಂಬಿಕೆ ನಮ್ಮವರ ಮೇಲೆ, ಸುದ್ದಿ ಯಾರದೋ. ರಾಲ್ಫ್‌ನ ಕಾಗದದಲ್ಲಿ ಇವೆರಡೂ ಬೇರೆಯಾಗಿರಲಿಲ್ಲ: ಬರೆದವನ ಹೆಸರೂ ಇತ್ತು, ಅವನಿಗೆ ಹೇಳಿದವರ ಹೆಸರೂ ಇತ್ತು. ಪಕ್ಷ ಬೇರೆಯಾದ ಮಾತ್ರಕ್ಕೆ ಗ್ರೂಪಿನಿಂದ ಹೊರನಡೆಯುವ ಅಣ್ಣ-ತಮ್ಮಂದಿರಿಗೆ ಮನ್ ಬರೆದ ಎರಡನೇ ಕಾಗದವೂ ಓದಲು ಯೋಗ್ಯ. ಕೊನೆಯವರೆಗೂ ಅವನು ತನ್ನ ಪಕ್ಷ ಬಿಡಲಿಲ್ಲ, ಅಣ್ಣನನ್ನೂ ಬಿಡಲಿಲ್ಲ.